ದೇಹದಲ್ಲಿ ಮಿಂಚು ಕಂಡ ಗಾಲ್ವಾನಿ

ಬಂಧುವೊಬ್ಬರ ತಲೆಯ ಎಂ.ಆರ್.ಐ. ಚಿತ್ರಗಳನ್ನು ಮೈಸೂರಿನಲ್ಲಿ ತೆಗೆಸಿಕೊಂಡು ನಾವು ಹನೂರು ತಾಲ್ಲೂಕಿನ ಅಜ್ಜೀಪುರಕ್ಕೆ ಮರಳಿದಾಗ ಕತ್ತಲಾಗಿತ್ತು. ಮಳೆ ನಿಂತಿತ್ತು, ಊರ ಹೊರಗಿನ ಹೊಂಡದಲ್ಲಿ ಕಪ್ಪೆಗಳು ಒಂದೇ ಸಮನೆ ವಟಗುಟ್ಟುತ್ತಿದ್ದವು. ಕೈಯಲ್ಲಿದ್ದ ಚಿತ್ರಗಳಿಗೂ ಆ ಕಪ್ಪೆಗಳಿಗೂ ನಂಟುಂಟೆಂದರೆ ಕೇಳಿದವರು ನಕ್ಕಾರು. ಆದರೆ ನಂಟುಂಟು. ಅದನ್ನು ನೆನೆದಾಗಲೆಲ್ಲ ನನ್ನ ಮನಸ್ಸಿಗೆ ಬರುವವನು ಇಟಲಿಯ ಲೂಯಿಜಿ ಗಾಲ್ವಾನಿ.

1737ರಲ್ಲಿ ಬೊಲೋನ್ಯ ನಗರದಲ್ಲಿ ಹುಟ್ಟಿದ ಗಾಲ್ವಾನಿ ವೈದ್ಯಶಾಸ್ತ್ರವನ್ನೋದಿ, ಅಲ್ಲಿನ ವಿಶ್ವವಿದ್ಯಾಲಯದಲ್ಲಿಯೇ ಅಂಗರಚನಾಶಾಸ್ತ್ರದ ಅಧ್ಯಾಪಕನಾದ. ಗುರುಗಳಾದ ಗಲೇಯಾಟ್ಸಿಯವರ ಮಗಳು ಲೂಚಿಯಾಳ ಕೈಹಿಡಿದ; ಆಕೆ ಪ್ರಯೋಗಗಳಲ್ಲಿಯೂ ಸಹಧರ್ಮಿಣಿಯಾಗಿದ್ದಳು. 1780ರ ಸುಮಾರಿನಲ್ಲಿ ಒಂದು ದಿನ, ಕೊಯ್ದಿಟ್ಟ ಕಪ್ಪೆಯ ಕಾಲಿನ ನರಕ್ಕೆ ಚೂರಿಯ ಮೊನೆ ತಗುಲಿದ್ದಾಗ ಬಳಿಯ ವಿದ್ಯುದ್ಯಂತ್ರದಿಂದ ಕಿಡಿ ಹಾರಿತು. ಸತ್ತ ಕಾಲು ಝಾಡಿಸಿತು. ಸುಮಾರು ಹತ್ತು ವರ್ಷ ಆತ ಅದೊಂದನ್ನೇ ಬಗೆಬಗೆಯಾಗಿ ಪರೀಕ್ಷಿಸಿ, ಪ್ರಾಣಿದೇಹದಲ್ಲಿಯೇ ವಿದ್ಯುತ್ತು ಅಡಗಿದೆಯೆಂಬ ನಿರ್ಣಯಕ್ಕೆ ಬಂದು, 1791ರಲ್ಲಿ ಲ್ಯಾಟಿನ್ ಪ್ರಬಂಧವೊಂದನ್ನು ಪ್ರಕಟಿಸಿದ. ಅದನ್ನು ಕಣ್ಣಾರೆ ಕಾಣಲು ಲೂಚಿಯಾ ಉಳಿದಿರಲಿಲ್ಲ. ಅದಕ್ಕೂ ಮೊದಲೇ ಆಕೆ ತೀರಿಕೊಂಡಿದ್ದಳು.

ವೋಲ್ಟ ಇದನ್ನೊಪ್ಪಲಿಲ್ಲ. ಎರಡು ಬೇರೆಬೇರೆ ಲೋಹಗಳ ಸಂಪರ್ಕದಿಂದ ವಿದ್ಯುತ್ತು ಹುಟ್ಟುತ್ತದೆ, ಕಪ್ಪೆಯ ಕಾಲು ಅದನ್ನು ತೋರಿಸುತ್ತದೆ ಅಷ್ಟೆ ಎಂಬುದು ಆತನ ವಾದ. ಗಾಲ್ವಾನಿ ಲೋಹವನ್ನೇ ಬಿಟ್ಟು, ನರವನ್ನು ಸ್ನಾಯುವಿಗೆ ಮುಟ್ಟಿಸಿ ಕಾಲು ಮಿಡಿಯುವುದನ್ನು ತೋರಿಸಿದ. ಆದರೂ 1800ರಲ್ಲಿ ಲೋಕಕ್ಕೆ ತಿಳಿದ ವೋಲ್ಟನ ಬ್ಯಾಟರಿಯ ಪ್ರಭೆಯಲ್ಲಿ ಈ ಮಾತು ಬಹುಕಾಲ ಮಸುಕಾಯಿತು. ಇಬ್ಬರ ಮಾತಿನಲ್ಲಿಯೂ ಸತ್ಯಾಂಶವಿತ್ತೆಂದು ಇಂದು ಬಲ್ಲೆವು.

ಆ ವೇಳೆಗೆ ನೆಪೋಲಿಯನ್ ಉತ್ತರ ಇಟಲಿಯಲ್ಲಿ ಹೊಸ ಗಣರಾಜ್ಯವನ್ನು ಸ್ಥಾಪಿಸಿದ್ದ. ಅಧ್ಯಾಪಕರೆಲ್ಲರೂ ಅದಕ್ಕೆ ನಿಷ್ಠೆಯ ಪ್ರಮಾಣ ಮಾಡಬೇಕಾಯಿತು. ದೈವಭಕ್ತನಾದ ಗಾಲ್ವಾನಿ ಒಲ್ಲೆನೆಂದ. 1798ರಲ್ಲಿ ಹುದ್ದೆ ಹೋಯಿತು, ಸಂಬಳ ಹೋಯಿತು. ಅಣ್ಣತಮ್ಮಂದಿರ ಮನೆಯ ಆಶ್ರಯವೇ ಗತಿಯಾಯಿತು. ಅವನನ್ನು ಮತ್ತೆ ಹುದ್ದೆಗೆ ಕರೆಯಲು ಸರ್ಕಾರ ಮನಸ್ಸು ಮಾಡುವ ಹೊತ್ತಿಗೆ ಕಾಲ ಮಿಂಚಿತ್ತು. ಅದೇ ವರ್ಷ ಡಿಸೆಂಬರ್ 4ರಂದು ಆತ ಕಣ್ಣುಮುಚ್ಚಿದ.

ಎಂ.ಆರ್.ಐ. ಯಂತ್ರ ಬಲವಾದ ಅಯಸ್ಕಾಂತದೊಳಗೆ ದೇಹವನ್ನಿರಿಸಿ ರೇಡಿಯೋ ಅಲೆಗಳನ್ನು ಹಾಯಿಸುತ್ತದೆ. ಅದರ ಮೂಲವಾದ ಕಾಂತೀಯ ಅನುರಣನವನ್ನು 1951ರಷ್ಟು ಹಿಂದೆಯೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜಿ. ಸೂರ್ಯನ್ ಅವರು ಹರಿಯುವ ದ್ರವಗಳಲ್ಲಿ ಅಭ್ಯಸಿಸಿದ್ದರು. ಒಳಹೊಕ್ಕ ಅಲೆ ಪ್ರತಿಯೊಂದು ಅಂಗಾಂಶದ ವಿದ್ಯುದ್ವಾಹಕತೆಗೆ ತಕ್ಕಂತೆ ತುಸು ಮಾರ್ಪಡುತ್ತದೆ. ಆ ಮಾರ್ಪಾಟಿನಿಂದ ಹಿಂದಕ್ಕೆ ಲೆಕ್ಕ ಹಾಕಿದರೆ ವಾಹಕತೆ ತಿಳಿಯುತ್ತದೆ. 1991ರಲ್ಲಿ ಮೂಡಿದ ಈ ಆಲೋಚನೆ 2009ರ ಸುಮಾರಿಗೆ ಮನುಷ್ಯರ ಮೇಲೆ ಪ್ರಯೋಗಿಸಬಲ್ಲ ವಿಧಾನವಾಯಿತು. 3 ಟೆಸ್ಲಾ ಯಂತ್ರದಲ್ಲಿ ಮಿದುಳನ್ನು ಸುತ್ತಿದ ದ್ರವದ ವಾಹಕತೆ ಮೀಟರಿಗೆ ಸುಮಾರು 2 ಸೀಮೆನ್ಸ್. ಮಿದುಳಿನ ಬಿಳಿಯ ಭಾಗದ್ದು ಸುಮಾರು 0.3. ಗಂತಿಗಳ ವಾಹಕತೆ ಸುತ್ತಲಿನ ಅಂಗಾಂಶಕ್ಕಿಂತ ಅನೇಕ ವೇಳೆ ಬೇರೆಯಾಗಿರುವುದರಿಂದ, ಅವುಗಳನ್ನು ಗುರುತಿಸಲು ಇದು ನೆರವಾದೀತೆಂದು ಸಂಶೋಧಕರು ಶ್ರಮಿಸುತ್ತಿದ್ದಾರೆ.

ಗಾಲ್ವಾನಿ ಹೇಳಿದ್ದು ದೇಹ ತಾನೇ ಹುಟ್ಟಿಸುವ ವಿದ್ಯುತ್ತು. ಇಲ್ಲಿ ಅಳೆಯುವುದು ವಿದ್ಯುತ್ತಿಗೆ ದೇಹ ಕೊಡುವ ದಾರಿ. ಎರಡೂ ಒಂದೇ ಅಲ್ಲ. ಆದರೆ ಮಾಂಸಮಜ್ಜೆಯನ್ನು ವಿದ್ಯುತ್ತಿನ ಕಣ್ಣಿನಿಂದ ಮೊದಲು ನೋಡಿದವರ ಸಾಲಿನಲ್ಲಿ ಆತನಿದ್ದಾನೆ. ಅಂದು ಕೊಯ್ಯದೆ ತಿಳಿಯುತ್ತಿರಲಿಲ್ಲ. ಇಂದು ಚೂರಿಯೂ ಬೇಡ, ತಂತಿಯೂ ಬೇಡ.

ನಾವು ತಂದ ಚಿತ್ರಗಳಲ್ಲಿ ಈ ಅಳತೆಯಿರಲಿಲ್ಲ. ಅವು ಸಾಮಾನ್ಯ ಚಿತ್ರಗಳು. ಆದರೂ ಹೊಂಡದ ಬಳಿ ನಾನು ಕೊಂಚ ನಿಂತೆ. ಒಂದೇ ಪ್ರಶ್ನೆಯನ್ನು ಹತ್ತು ವರ್ಷ ಕಪ್ಪೆಯ ಕಾಲಿಗೆ ಕೇಳಿ, ಅದು ಕೊಟ್ಟ ಉತ್ತರವನ್ನಷ್ಟೇ ಬರೆದವನು, ತನ್ನ ಮನಸ್ಸೊಪ್ಪದ ಪ್ರಮಾಣವನ್ನು ಹೊಟ್ಟೆಪಾಡಿಗಾಗಿ ಮಾಡಲಾರದೆ ಹೋದದ್ದು ಸಹಜವೇ ಎನಿಸಿತು.