ನೀರು ಕಡೆದು ಬಿಸಿ ಅಳೆದ ಜೂಲ್: ಗೇರ್‌ಬಾಕ್ಸ್‌ಗೆ ಕೂಲರ್ ಹಾಕಿಸುವ ಮುನ್ನ ಓದಿ

ಮೇ ತಿಂಗಳಲ್ಲಿ ಕಲಬುರಗಿಯ ಬಿಸಿಲು 42–43 ಡಿಗ್ರಿ ಮುಟ್ಟುತ್ತದೆ. ಅದೇ ಹೊತ್ತಿಗೆ ಕಾರು ಪ್ರಿಯರ ಗುಂಪುಗಳಲ್ಲಿ ಒಂದು ಮಾತು ಓಡಾಡುತ್ತದೆ: ಆಟೋಮ್ಯಾಟಿಕ್ ಕಾರಿಗೆ ಹೊರಗಿನಿಂದ ದೊಡ್ಡ ಟ್ರಾನ್ಸ್‌ಮಿಷನ್ ಕೂಲರ್ ಹಾಕಿಸಿದರೆ ಪವರ್ ಹೆಚ್ಚುತ್ತದೆ, ಗೇರ್‌ಬಾಕ್ಸ್ ಎಂದೂ ಕೆಡುವುದಿಲ್ಲ ಎಂದು. ಇದು ನಿಜವೇ? ಉತ್ತರಕ್ಕೆ ನಾವು ಗ್ಯಾರೇಜಿಗಿಂತ ಮೊದಲು ಇಂಗ್ಲೆಂಡಿನ ಒಂದು ಬಿಯರ್ ಕಾರ್ಖಾನೆಗೆ ಹೋಗಬೇಕು.

ಬಿಯರ್ ತಯಾರಕನ ಮಗ

ಜೇಮ್ಸ್ ಪ್ರೆಸ್ಕಾಟ್ ಜೂಲ್ ಹುಟ್ಟಿದ್ದು 1818ರ ಡಿಸೆಂಬರ್ 24ರಂದು, ಮ್ಯಾಂಚೆಸ್ಟರ್ ಪಕ್ಕದ ಸಾಲ್ಫರ್ಡ್‌ನಲ್ಲಿ. ತಂದೆ ಬಿಯರ್ ತಯಾರಿಸುವ ಸಿರಿವಂತ. ಬಾಲ್ಯದಲ್ಲಿ ಬೆನ್ನುಮೂಳೆಯ ತೊಂದರೆಯಿದ್ದ ಹುಡುಗನಿಗೆ ಮನೆಯಲ್ಲೇ ಪಾಠ ನಡೆಯಿತು. ಮುಂದೆ ಅವನಿಗೂ ಅಣ್ಣನಿಗೂ ಗುರುವಾಗಿ ಸಿಕ್ಕವರು ಪರಮಾಣು ಸಿದ್ಧಾಂತದ ಜಾನ್ ಡಾಲ್ಟನ್. ಜೂಲ್ ಯಾವ ವಿಶ್ವವಿದ್ಯಾಲಯದಲ್ಲೂ ಪ್ರಾಧ್ಯಾಪಕರಾಗಲಿಲ್ಲ. ಕಾರ್ಖಾನೆ ನೋಡಿಕೊಳ್ಳುತ್ತಲೇ ಬಿಡುವಿನಲ್ಲಿ ಪ್ರಯೋಗ ಮಾಡಿದರು.

ಆ ಕಾಲದಲ್ಲಿ ಹೆಚ್ಚಿನವರು ಶಾಖವನ್ನು ಒಂದು ಬಗೆಯ ಕಣ್ಣಿಗೆ ಕಾಣದ ದ್ರವ ಎಂದು ನಂಬಿದ್ದರು. ಅದು ಒಂದು ವಸ್ತುವಿನಿಂದ ಇನ್ನೊಂದಕ್ಕೆ ಹರಿಯಬಹುದು, ಹೊಸದಾಗಿ ಹುಟ್ಟಲಾರದು ಎಂಬುದು ಲೆಕ್ಕ. ಜೂಲ್‌ಗೆ ಇದು ಸರಿ ಕಾಣಲಿಲ್ಲ. ಕೆಲಸವೇ ಶಾಖವಾಗುತ್ತದೆ ಎಂದು ಅವರು 1843ರಲ್ಲಿ ಕಾರ್ಕ್ ನಗರದ ವಿಜ್ಞಾನ ಸಭೆಯಲ್ಲಿ ಹೇಳಿದಾಗ ಯಾರೂ ಹೆಚ್ಚು ಗಮನ ಕೊಡಲಿಲ್ಲ.

ಕಡೆದರೆ ಬಿಸಿ

ಅವರು ಬಿಡಲಿಲ್ಲ. ಒಂದು ಪಾತ್ರೆಯಲ್ಲಿ ನೀರು, ಅದರೊಳಗೆ ಕಡಗೋಲಿನಂತೆ ತಿರುಗುವ ರೆಕ್ಕೆಗಳು, ರೆಕ್ಕೆ ತಿರುಗಿಸಲು ಹಗ್ಗಕ್ಕೆ ಕಟ್ಟಿದ ತೂಕ. ತೂಕ ಕೆಳಗಿಳಿದಂತೆ ರೆಕ್ಕೆ ನೀರನ್ನು ಕಡೆಯುತ್ತದೆ, ನೀರು ಬಿಸಿಯಾಗುತ್ತದೆ. ಮತ್ತೆ ಮತ್ತೆ ತೂಕ ಇಳಿಸಿದರೂ ಏರುತ್ತಿದ್ದದ್ದು ಸುಮಾರು ಅರ್ಧ ಡಿಗ್ರಿ ಫ್ಯಾರನ್‌ಹೀಟ್ ಮಾತ್ರ. ಅಷ್ಟು ಚಿಕ್ಕ ಏರಿಕೆಯನ್ನು ಅಳೆಯಲು ಅತಿ ಸೂಕ್ಷ್ಮ ಥರ್ಮಾಮೀಟರ್ ಮಾಡಿಸಿಕೊಂಡಿದ್ದರು. ನೀರಿನ ಬದಲು ತಿಮಿಂಗಿಲದ ಎಣ್ಣೆ ಹಾಕಿ ನೋಡಿದರು, ಪಾದರಸ ಹಾಕಿಯೂ ನೋಡಿದರು. ಲೆಕ್ಕ ಹತ್ತಿರ ಹತ್ತಿರ ಒಂದೇ ಬಂತು.

1847ರಲ್ಲಿ ಆಕ್ಸ್‌ಫರ್ಡ್ ಸಭೆಯಲ್ಲೂ ಅವರಿಗೆ ಸಿಕ್ಕಿದ್ದು ಕಡಿಮೆ ಸಮಯ. ಆದರೆ ಕೇಳುಗರ ನಡುವೆ ವಿಲಿಯಂ ಥಾಮ್ಸನ್ ಎಂಬ ತರುಣನಿದ್ದ. ಮುಂದೆ ಲಾರ್ಡ್ ಕೆಲ್ವಿನ್ ಆದವರು ಇವರೇ. ಅವರ ಆಸಕ್ತಿಯಿಂದ ಜೂಲ್ ಮಾತಿಗೆ ತೂಕ ಬಂತು. 1850ರಲ್ಲಿ ಜೂಲ್ ರಾಯಲ್ ಸೊಸೈಟಿಯ ಸದಸ್ಯರಾದರು. ಆ ವರ್ಷ ಪ್ರಕಟವಾದ ಅವರ ಲೆಕ್ಕದಂತೆ 772 ಪೌಂಡ್ ತೂಕ ಒಂದು ಅಡಿ ಇಳಿದರೆ ಒಂದು ಪೌಂಡ್ ನೀರು ಒಂದು ಡಿಗ್ರಿ ಫ್ಯಾರನ್‌ಹೀಟ್ ಬಿಸಿಯಾಗುತ್ತದೆ. ಇಂದಿನ ಅಳತೆ ಸುಮಾರು 778. ವ್ಯತ್ಯಾಸ ಶೇ. 1ಕ್ಕಿಂತ ಕಡಿಮೆ!

ನಿಮ್ಮ ಕಾರಿನಲ್ಲಿ ಜೂಲ್ ಪಾತ್ರೆ

ಆಟೋಮ್ಯಾಟಿಕ್ ಕಾರಿನ ಟಾರ್ಕ್ ಕನ್ವರ್ಟರ್ ಹೆಚ್ಚುಕಡಿಮೆ ಜೂಲ್ ಪಾತ್ರೆಯೇ. ಎಂಜಿನ್ ಒಂದು ರೆಕ್ಕೆ ತಿರುಗಿಸುತ್ತದೆ, ಅದು ಎಣ್ಣೆಯನ್ನು ತಳ್ಳುತ್ತದೆ, ಎಣ್ಣೆ ಇನ್ನೊಂದು ರೆಕ್ಕೆಯನ್ನು ತಿರುಗಿಸುತ್ತದೆ. ಎರಡರ ವೇಗದಲ್ಲಿ ವ್ಯತ್ಯಾಸ ಇರುವಷ್ಟು ಹೊತ್ತು ಕೆಲಸದ ಒಂದು ಪಾಲು ಬಿಸಿಯಾಗುತ್ತದೆ. 60 ಕಿಲೋವ್ಯಾಟ್‌ನಲ್ಲಿ ಶೇ. 10 ಹೀಗೆ ಹೋಯಿತು ಎಂದುಕೊಳ್ಳಿ. ಅದು 6 ಕಿಲೋವ್ಯಾಟ್, ಅಂದರೆ 2 ಕಿಲೋವ್ಯಾಟ್‌ನ ಮೂರು ಗೀಸರ್‌ಗಳನ್ನು ಎಣ್ಣೆಯಲ್ಲಿ ಇಟ್ಟಂತೆ. ತಣಿಸುವ ವ್ಯವಸ್ಥೆಯೇ ಇಲ್ಲದಿದ್ದರೆ 8 ಕೆಜಿ ಎಣ್ಣೆ ಒಂದೇ ನಿಮಿಷದಲ್ಲಿ ಸುಮಾರು 22 ಡಿಗ್ರಿ ಸೆಲ್ಸಿಯಸ್ ಏರುತ್ತದೆ. ಮಿತಿಮೀರಿ ಕಾದ ಎಣ್ಣೆ ಬೇಗ ಹಳಸುತ್ತದೆ, ಒಳಗಿನ ಕ್ಲಚ್ ಪ್ಲೇಟ್ ಮತ್ತು ಸೀಲ್‌ಗಳು ಕೆಡುತ್ತವೆ. ಆಮೇಲೆ ಬರುವ ರಿಪೇರಿ ಬಿಲ್ಲಿನ ಮುಂದೆ ಕೂಲರ್ ಬೆಲೆ ಚಿಕ್ಕದು.

ಇಲ್ಲೊಂದು ತಪ್ಪು ತಿಳಿವಳಿಕೆ ಇದೆ. ಕಲಬುರಗಿಯಿಂದ ಕಮಲಾಪುರಕ್ಕೆ ಒಂದೇ ವೇಗದಲ್ಲಿ ಹೋದರೆ ಗೇರ್‌ಬಾಕ್ಸ್ ಹೆಚ್ಚು ಕಾಯುತ್ತದೆ ಎಂದು ಹಲವರು ತಿಳಿದಿದ್ದಾರೆ. ನಿಜದಲ್ಲಿ ಆಗ ಕನ್ವರ್ಟರ್‌ನ ಲಾಕ್-ಅಪ್ ಕ್ಲಚ್ ಕೂಡಿಕೊಳ್ಳುತ್ತದೆ, ಕಡೆತ ನಿಲ್ಲುತ್ತದೆ, ಎದುರುಗಾಳಿಯೂ ಸಿಗುತ್ತದೆ. ಸೂಪರ್ ಮಾರ್ಕೆಟ್ ದಟ್ಟಣೆಯಲ್ಲಿ ನಿಂತು ನಿಂತು ಸಾಗುವಾಗ, ಏರು ಹತ್ತುವಾಗ, ಟ್ಯೂನ್ ಮಾಡಿದ ಕಾರನ್ನು ಪದೇ ಪದೇ ಜೋರಾಗಿ ಎಳೆಸುವಾಗ ಎಣ್ಣೆ ಬೇಗ ಕಾಯುತ್ತದೆ.

ಹಾಗಾದರೆ ಯಾವುದನ್ನು, ಹೇಗೆ?

- ಜೂಲ್ ಮಾಡಿದ್ದನ್ನೇ ಮಾಡಿ: ಮೊದಲು ಅಳೆಯಿರಿ. ಸ್ಕ್ಯಾನರ್‌ನಲ್ಲಿ ಎಣ್ಣೆಯ ಉಷ್ಣತೆ ನೋಡಿ. ಸಾಮಾನ್ಯವಾಗಿ 80–95 ಡಿಗ್ರಿ ಸೆಲ್ಸಿಯಸ್ ಸರಿ. 120 ದಾಟಿ ಅಲ್ಲೇ ನಿಲ್ಲುತ್ತಿದ್ದರೆ ಕೂಲರ್ ಬೇಕು.
- ಮ್ಯಾನ್ಯುವಲ್ ಮತ್ತು ಎಎಂಟಿ ಕಾರಿನಲ್ಲಿ ಟಾರ್ಕ್ ಕನ್ವರ್ಟರ್ ಇರುವುದಿಲ್ಲ. ಅವಕ್ಕೆ ಇದು ಬೇಡ.
- ಒಂದೇ ಅಳತೆಯ ಜಾಗದಲ್ಲಿ ಪೈಪ್ ಬಗೆಯ ಕೂಲರ್‌ಗಿಂತ ತಟ್ಟೆ ಜೋಡಿಸಿದ ಬಗೆ ಚೆನ್ನಾಗಿ ತಣಿಸುತ್ತದೆ.
- ಅತಿ ದೊಡ್ಡದೂ ಒಳ್ಳೆಯದಲ್ಲ. ಚಳಿಗಾಲದ ಬೆಳಗ್ಗೆ ಎಣ್ಣೆ ಗಟ್ಟಿಯಾಗಿಯೇ ಉಳಿದರೆ ಲಾಕ್-ಅಪ್ ತಡವಾಗುತ್ತದೆ. ಥರ್ಮೋಸ್ಟ್ಯಾಟ್ ಬೈಪಾಸ್ ಇರಲಿ.
- ರೇಡಿಯೇಟರ್‌ನಲ್ಲಿರುವ ಕಂಪನಿಯ ಕೂಲರ್ ತೆಗೆಸಬೇಡಿ. ಎಣ್ಣೆ ಮೊದಲು ಅಲ್ಲಿ, ನಂತರ ಹೊಸ ಕೂಲರ್‌ನಲ್ಲಿ ಹಾದು ಗೇರ್‌ಬಾಕ್ಸ್‌ಗೆ ಮರಳಲಿ.
- ಗಾಳಿ ಬಡಿಯುವ ಮುಂಭಾಗದಲ್ಲಿ ಬ್ರ್ಯಾಕೆಟ್ ಹಾಕಿ ಕೂರಿಸಿ. ರೇಡಿಯೇಟರ್ ಜಾಲರಿಯ ಮೂಲಕ ಪ್ಲಾಸ್ಟಿಕ್ ಟೈ ತೂರಿಸಿ ಕಟ್ಟಿದರೆ ಉಜ್ಜಿ ಉಜ್ಜಿ ತೂತಾಗುತ್ತದೆ.
- ನೀರಿನ ಪೈಪ್ ಬೇಡ, ಟ್ರಾನ್ಸ್‌ಮಿಷನ್ ಎಣ್ಣೆಗೆಂದೇ ಇರುವ ಹೋಸ್ ಹಾಕಿಸಿ. ಅದು ಎಲ್ಲೂ ಮಡಚಬಾರದು, ಸೈಲೆನ್ಸರ್ ಪೈಪಿಗೆ ತಾಗಬಾರದು.
- ಹೊಸ ಕೂಲರ್ ತುಂಬುವಷ್ಟು ಎಣ್ಣೆ ಹೆಚ್ಚು ಬೇಕು. ಕಂಪನಿ ಹೇಳಿದ ಎಣ್ಣೆಯನ್ನೇ ಹಾಕಿಸಿ, ಕೈಪಿಡಿ ಹೇಳುವ ಉಷ್ಣತೆಯಲ್ಲಿ ಮಟ್ಟ ನೋಡಿಸಿ. ಮೊದಲ ಓಡಾಟದ ನಂತರ ಸೋರಿಕೆ ಪರೀಕ್ಷಿಸಿ. ವಾರಂಟಿ ಇದ್ದರೆ ಮೊದಲೇ ಕೇಳಿ.

ನಮ್ಮ ತೀರ್ಮಾನ

ಕೂಲರ್ ಎಂಜಿನ್‌ನ ಪವರ್ ಹೆಚ್ಚಿಸುವುದಿಲ್ಲ. ಆಗಲೇ ಬಿಸಿಯಾಗಿ ಹೋದ ಕೆಲಸವನ್ನು ಗಾಳಿಗೆ ಬಿಡುತ್ತದೆ, ಅಷ್ಟೆ. ಎಣ್ಣೆಯನ್ನು ಹೊರಗಿನ ಗಾಳಿಗಿಂತ ತಣ್ಣಗೆ ಮಾಡಲೂ ಅದರಿಂದ ಆಗದು. ಎಣ್ಣೆ ಬದಲಾವಣೆ ತಪ್ಪುವುದೂ ಇಲ್ಲ. ಆದರೆ ಬೇಕಿರುವ ಕಾರಿಗೆ ಸರಿಯಾಗಿ ಕೂರಿಸಿದರೆ ಗೇರ್‌ಬಾಕ್ಸ್ ಬಾಳಿಕೆ ಖಂಡಿತ ಹೆಚ್ಚುತ್ತದೆ.

ಜೂಲ್ 1854ರಲ್ಲಿ ಹೆಂಡತಿಯನ್ನು ಕಳೆದುಕೊಂಡರು. ಅದೇ ವರ್ಷ ಕಾರ್ಖಾನೆಯೂ ಮಾರಾಟವಾಯಿತು. ಕೊನೆಗಾಲದಲ್ಲಿ ಹಣಕ್ಕೆ ಅಡಚಣೆಯಾಗಿ ಸರ್ಕಾರದ ಪಿಂಚಣಿ ಪಡೆದರು. ಆದರೂ 1870ರ ದಶಕದಲ್ಲಿ, ವಯಸ್ಸು 60ರ ಹತ್ತಿರವಿದ್ದಾಗ, ಅದೇ ಪ್ರಯೋಗವನ್ನು ಮತ್ತೊಮ್ಮೆ ಇನ್ನಷ್ಟು ನಿಖರವಾಗಿ ಮಾಡಿದರು. 1889ರ ಅಕ್ಟೋಬರ್ 11ರಂದು ತೀರಿಕೊಂಡರು. ಅದೇ ವರ್ಷ ಶಕ್ತಿಯ ಏಕಮಾನಕ್ಕೆ ಅವರ ಹೆಸರು ಬಂತು. ಅವರ ಸಮಾಧಿಯ ಕಲ್ಲಿನ ಮೇಲೆ 772.55 ಎಂದು ಕೆತ್ತಲಾಗಿದೆ. ಅದು ಆ ಎರಡನೇ ಪ್ರಯೋಗದಲ್ಲಿ ಅವರು ಅಳೆದ ಸಂಖ್ಯೆ.

ಮುಂದಿನ ಸಲ ಕೂಲರ್ ಬಗ್ಗೆ ಫಾರ್ವರ್ಡ್ ಬಂದಾಗ, ಎಣ್ಣೆ ಎಷ್ಟು ಡಿಗ್ರಿ ಇತ್ತು ಎಂದು ಕಳಿಸಿದವರನ್ನು ಕೇಳಿ.