ಸಂಬಳವಿಲ್ಲದ ಪಾಠ

ನನಗೆ ಇಷ್ಟದ ಗಣಿತಜ್ಞೆ ಜರ್ಮನಿಯ ಎಮ್ಮಿ ನೋಥರ್. 1882ರಲ್ಲಿ ಎರ್ಲಾಂಗೆನ್‌ನಲ್ಲಿ ಹುಟ್ಟಿದರು. 1907ರಲ್ಲಿ ಡಾಕ್ಟರೇಟ್ ಪಡೆದರೂ ಅಲ್ಲಿ ಏಳು ವರ್ಷ ಸಂಬಳವಿಲ್ಲದೆ ದುಡಿದರು. 1915ರಲ್ಲಿ ಗಾಟಿಂಗೆನ್‌ಗೆ ಹೋದಾಗ ಹೆಣ್ಣೆಂಬ ಕಾರಣಕ್ಕೆ ಬೋಧನೆಯ ಅನುಮತಿ ಸಿಗಲಿಲ್ಲ. ಪ್ರಾಧ್ಯಾಪಕ ಹಿಲ್ಬರ್ಟ್ ತಮ್ಮ ಹೆಸರಿನಲ್ಲಿ ತರಗತಿ ಪ್ರಕಟಿಸುತ್ತಿದ್ದರು, ಪಾಠ ಮಾಡುತ್ತಿದ್ದವರು ಇವರು! ಅನುಮತಿ ಸಿಕ್ಕಿದ್ದು 1919ರಲ್ಲಿ.

ಅದಕ್ಕೂ ಮೊದಲೇ, 1918ರಲ್ಲಿ, ಅವರ ಪ್ರಸಿದ್ಧ ಪ್ರಮೇಯ ಹೊರಬಂದಿತ್ತು. ಪ್ರಕೃತಿಯ ನಿಯಮಗಳು ಕಾಲದೊಂದಿಗೆ ಬದಲಾಗುವುದಿಲ್ಲ, ಆದ್ದರಿಂದಲೇ ಶಕ್ತಿಯ ಮೊತ್ತ ಬದಲಾಗುವುದಿಲ್ಲ ಎಂಬುದು ಅದರಿಂದ ಸಿಗುತ್ತದೆ. ಯಹೂದಿಯಾದ ಅವರನ್ನು 1933ರಲ್ಲಿ ನಾಜಿಗಳು ಕೆಲಸದಿಂದ ತೆಗೆದರು. ಅಮೆರಿಕದ ಬ್ರಿನ್ ಮಾರ್ ಕಾಲೇಜು ಸೇರಿದ ಅವರು 1935ರಲ್ಲಿ ಶಸ್ತ್ರಚಿಕಿತ್ಸೆಯ ನಂತರ ತೀರಿಕೊಂಡರು.

ಶಕ್ತಿ ಸಂರಕ್ಷಣೆಯ ನಿಯಮವನ್ನು ಪಿಯುಸಿಯಲ್ಲೇ ಬಾಯಿಪಾಠ ಮಾಡಿದ್ದೆ. ಅದರ ‘ಏಕೆ’ ಹೇಳಿಕೊಟ್ಟವರ ಹೆಸರು ಬಿ.ಇ.ಗೆ ಬಂದ ಮೇಲೆ ತಿಳಿಯಿತು.