ಗಾಜಿನಲ್ಲಿ ಬೆಳಕು ಉಳಿಸಿದ ಎಂಜಿನಿಯರ್

ಓದಿದ್ದು ಸಿವಿಲ್ ಎಂಜಿನಿಯರಿಂಗ್. ಕೆಲಸ ಸಿಕ್ಕಿದ್ದು ಹುಟ್ಟೂರಿನಿಂದ ಬಲು ದೂರದ ಊರಿನ ಸರ್ಕಾರಿ ಕಚೇರಿಯಲ್ಲಿ. ಮೂವತ್ತರ ಹೊತ್ತಿಗೆ ಕ್ಯಾಮೆರಾ ಹುಚ್ಚು ಹತ್ತಿತು. ನಲವತ್ತು ದಾಟುವಾಗ ಆ ಹುಚ್ಚೇ ಕಸುಬಾಗಿ, ನೌಕರಿ ಬಿಟ್ಟಾಯಿತು. ನಮ್ಮ ಆಫೀಸ್ ಕ್ಯಾಂಟೀನಿನಲ್ಲಿ ಕಿವಿಗೆ ಬೀಳುವ ಕತೆಯಂತಿದೆ, ಅಲ್ಲವೇ? ಆದರೆ ಇದು 19ನೇ ಶತಮಾನದ್ದು. ಹೀಗೆ ಮೊದಲು ಊರು, ಆಮೇಲೆ ಕೆಲಸ ಬಿಟ್ಟವರು ಲಾಲಾ ದೀನ್ ದಯಾಳ್.

1844ರಲ್ಲಿ ಮೀರತ್ ಸಮೀಪದ ಸರ್ಧನಾದ ಜೈನ ಕುಟುಂಬವೊಂದರಲ್ಲಿ ಹುಟ್ಟಿದ ಅವರು ಓದಿದ್ದು ರೂರ್ಕಿಯ ಥಾಮಸನ್ ಕಾಲೇಜಿನಲ್ಲಿ. ಈಗ ಅದೇ ಐಐಟಿ ರೂರ್ಕಿ. 1866ರಲ್ಲಿ ಇಂದೋರಿನ ಲೋಕೋಪಯೋಗಿ ಇಲಾಖೆ ಸೇರಿದರು. ಕಟ್ಟಡಗಳ ಖರ್ಚಿನ ಅಂದಾಜು ಮಾಡುವುದು, ನಕ್ಷೆ ಬರೆಯುವುದು ಅವರ ಕೆಲಸ. 1874ರ ಸುಮಾರಿಗೆ ಕ್ಯಾಮೆರಾ ಕೈಗೆ ಬಂತು. ಹೋಳ್ಕರ್ ಮಹಾರಾಜ ಎರಡನೇ ತುಕೋಜಿರಾವ್ ಮತ್ತು ಬ್ರಿಟಿಷ್ ಅಧಿಕಾರಿ ಹೆನ್ರಿ ಡೇಲಿ ಬೆನ್ನು ತಟ್ಟಿದರು. 1875–76ರಲ್ಲಿ ವೇಲ್ಸ್ ರಾಜಕುಮಾರ ಭಾರತಕ್ಕೆ ಬಂದಾಗ ಆ ಪ್ರವಾಸದ ಚಿತ್ರಗಳನ್ನು ತೆಗೆಯುವ ಅವಕಾಶವೂ ಸಿಕ್ಕಿತು.

ಆಗ ಚಾಲ್ತಿಯಲ್ಲಿದ್ದದ್ದು ಹಸಿ ಗಾಜಿನ ಪದ್ಧತಿ. ಗಾಜಿನ ಹಲಗೆಯ ಮೇಲೆ ಕೊಲೋಡಿಯನ್ ಎಂಬ ಅಂಟುದ್ರವವನ್ನು ಸಮನಾಗಿ ಹರಡಬೇಕು. ಕತ್ತಲಲ್ಲಿ ಅದನ್ನು ಸಿಲ್ವರ್ ನೈಟ್ರೇಟ್ ದ್ರಾವಣದಲ್ಲಿ ಅದ್ದಬೇಕು. ಪಸೆ ಆರುವುದರೊಳಗೆ ಕ್ಯಾಮೆರಾದಲ್ಲಿಟ್ಟು ಬೆಳಕು ತೋರಿಸಿ, ಮತ್ತೆ ಕತ್ತಲೆಗೆ ಓಡಿ ಡೆವಲಪ್ ಮಾಡಬೇಕು. ಇಡೀ ಕೆಲಸಕ್ಕೆ ಸಿಗುತ್ತಿದ್ದದ್ದು ಹತ್ತು ಹದಿನೈದು ನಿಮಿಷ. ಹಾಗಾಗಿ ಊರೂರು ಸುತ್ತುವ ಛಾಯಾಗ್ರಾಹಕ ಡಾರ್ಕ್‌ರೂಮನ್ನೇ ಡೇರೆಯ ರೂಪದಲ್ಲಿ ಹೊತ್ತುಕೊಂಡು ಹೋಗಬೇಕಿತ್ತು. ಮೊದಲೇ ಸಿದ್ಧಪಡಿಸಿಟ್ಟುಕೊಳ್ಳಬಹುದಾದ ಒಣ ಪ್ಲೇಟುಗಳು 1870ರ ದಶಕದ ಕೊನೆಯಲ್ಲಿ ಮಾರುಕಟ್ಟೆಗೆ ಬಂದ ಮೇಲೆ ಈ ಓಟ ತಪ್ಪಿತು. ಆದರೆ ಒಂದು ಚಿತ್ರಕ್ಕೆ ಒಂದು ಗಾಜು ಎಂಬ ಲೆಕ್ಕ ಬದಲಾಗಲಿಲ್ಲ. ಎಲ್ಲಿ ನಿಲ್ಲಬೇಕು, ಯಾವ ಹೊತ್ತಿನ ಬಿಸಿಲು ಬೇಕು ಎಂಬುದೆಲ್ಲ ಮೊದಲೇ ತೀರ್ಮಾನವಾಗಬೇಕು. ಅಂದಾಜು ಹಾಕುವುದರಲ್ಲೇ ಪಳಗಿದ ಎಂಜಿನಿಯರಿಗೆ ಇದು ಒಗ್ಗಿಹೋಗಿರಬೇಕು.

1882–83ರಲ್ಲಿ ಲೆಪೆಲ್ ಗ್ರಿಫಿನ್ ಎಂಬ ಅಧಿಕಾರಿಯ ಜೊತೆ ಬುಂದೇಲ್‌ಖಂಡ ಸುತ್ತಿದರು. ಗ್ವಾಲಿಯರ್ ಕೋಟೆ, ಸಾಂಚಿ, ಖಜುರಾಹೊ ಮುಂತಾದ ಸ್ಥಳಗಳ ಚಿತ್ರಗಳಿರುವ ಮಧ್ಯಭಾರತದ ಸ್ಮಾರಕಗಳ ಪುಸ್ತಕ 1886ರಲ್ಲಿ ಹೊರಬಂತು. ನಕ್ಷೆ ಬರೆದ ಕೈಯ ಶಿಸ್ತು ಆ ಚಿತ್ರಗಳಲ್ಲಿ ಕಾಣುತ್ತದೆ: ಕಂಬ ನೆಟ್ಟಗೆ ನಿಂತಿರುತ್ತದೆ, ಕೆತ್ತನೆಯ ಗೆರೆಗೆರೆಯೂ ಸ್ಪಷ್ಟ. ಅಷ್ಟರಲ್ಲಿ ಅವರು ನೌಕರಿ ತೊರೆದು, ನಾನೀಗ ಇರುವ ಹೈದರಾಬಾದಿನ ಕಡೆ ಹೊರಟಿದ್ದರು.

ಆರನೇ ನಿಜಾಮ ಮಹಬೂಬ್ ಅಲಿ ಖಾನ್ ಅವರನ್ನು ಆಸ್ಥಾನದ ಛಾಯಾಗ್ರಾಹಕರನ್ನಾಗಿ ನೇಮಿಸಿಕೊಂಡರು. ನಮ್ಮ ಬೀದರ್, ಕಲಬುರಗಿ, ರಾಯಚೂರು ಆಗ ಅದೇ ಸಂಸ್ಥಾನದಲ್ಲಿದ್ದವು. ಸಿಕಂದರಾಬಾದಿನಲ್ಲಿ ಸ್ಟುಡಿಯೊ ಶುರುವಾಯಿತು. ಪರದೆಯ ಹಿಂದಿನ ಹೆಣ್ಣುಮಕ್ಕಳಿಗಾಗಿ 1892ರಲ್ಲಿ ಬೇರೆಯೇ ಒಂದು ಸ್ಟುಡಿಯೊ ತೆರೆದು, ಅದರ ಹೊಣೆಯನ್ನು ಇಂಗ್ಲಿಷ್ ಮಹಿಳೆಯೊಬ್ಬರಿಗೆ ಒಪ್ಪಿಸಿದರು. ನಿಜಾಮರು ರಾಜಾ ಮುಸವ್ವಿರ್ ಜಂಗ್ ಎಂಬ ಬಿರುದು ಕೊಟ್ಟರು. ಮುಸವ್ವಿರ್ ಎಂದರೆ ಚಿತ್ರಕಾರ. 1896ರಲ್ಲಿ ಮುಂಬಯಿಯಲ್ಲೂ ದೊಡ್ಡ ಸ್ಟುಡಿಯೊ ಎದ್ದಿತು.

ಅರಮನೆಯ ಚಿತ್ರವೇ ಆದರೂ ಪ್ರಿಂಟ್ ಆಗುತ್ತಿದ್ದದ್ದು ಮೊಟ್ಟೆಯ ಬಿಳಿ ಲೋಳೆ ಸವರಿದ ಕಾಗದದ ಮೇಲೆ. ಗಾಜಿನ ನೆಗೆಟಿವನ್ನು ಆ ಕಾಗದಕ್ಕೆ ಒತ್ತಿ ಬಿಸಿಲಿಗಿಡಬೇಕು. ಗಾಜು ಎಷ್ಟು ದೊಡ್ಡದೋ ಚಿತ್ರವೂ ಅಷ್ಟೇ ದೊಡ್ಡದು. ಬಣ್ಣ ಏರಿ ಹೆಚ್ಚು ಕಾಲ ನಿಲ್ಲಲೆಂದು ಚಿನ್ನದ ಲವಣದ ನೀರಿನಲ್ಲಿ ಅದ್ದಿ, ಹೈಪೊದಲ್ಲಿ ಸ್ಥಿರಗೊಳಿಸಿ, ಮತ್ತೆ ಮತ್ತೆ ತೊಳೆಯಬೇಕು. ತೊಳೆಯುವುದರಲ್ಲಿ ಅವಸರ ಮಾಡಿದರೆ ಕೆಲವೇ ವರ್ಷಗಳಲ್ಲಿ ಚಿತ್ರ ಮಾಸಿಹೋಗುತ್ತದೆ. ಯಾರೂ ನೋಡದ ಈ ಕೊನೆಯ ಕೆಲಸದ ಮೇಲೆಯೇ ಚಿತ್ರದ ಆಯುಸ್ಸು ನಿಂತಿರುತ್ತದೆ.

1905ರಲ್ಲಿ ದೀನ್ ದಯಾಳ್ ಮುಂಬಯಿಯಲ್ಲಿ ತೀರಿಕೊಂಡರು. ಅವರನ್ನು ಪೋಷಿಸಿದ ಸಂಸ್ಥಾನಗಳು ಅಳಿದವು, ಗಾಜುಗಳು ಉಳಿದವು. 1989ರಲ್ಲಿ ದೆಹಲಿಯ ಇಂದಿರಾ ಗಾಂಧಿ ರಾಷ್ಟ್ರೀಯ ಕಲಾ ಕೇಂದ್ರವು 2,857 ಗಾಜಿನ ನೆಗೆಟಿವ್‌ಗಳನ್ನು ತನ್ನ ಸಂಗ್ರಹಕ್ಕೆ ಪಡೆಯಿತು. ಅವರ ಎಷ್ಟೋ ಚಿತ್ರಗಳ ಅಂಚಿನಲ್ಲಿ ಕ್ರಮಸಂಖ್ಯೆ ಮತ್ತು ಸ್ಥಳದ ಹೆಸರಿದೆ. ಇದೂ ಎಂಜಿನಿಯರ್ ಬುದ್ಧಿಯೇ.

ಬೇರೆಯವರ ಡೇಟಾಕ್ಕೆ ಬ್ಯಾಕಪ್ ವ್ಯವಸ್ಥೆ ಮಾಡುವುದು ನನ್ನ ಕೆಲಸ. ಆದರೂ ಮಗಳ ಮೊದಲ ವರ್ಷದ ಫೋಟೊಗಳಿದ್ದ ನನ್ನ ಹಾರ್ಡ್‌ಡಿಸ್ಕ್ ಕೆಟ್ಟಾಗ ಎರಡನೇ ಪ್ರತಿ ಇರಲಿಲ್ಲ. ಆ ವರ್ಷವೇ ಊರಿನ ಟ್ರಂಕಿನಲ್ಲಿ ಅಪ್ಪ ಬಾಕ್ಸ್ ಕ್ಯಾಮೆರಾದಲ್ಲಿ ತೆಗೆದಿದ್ದ ನೆಗೆಟಿವ್ ಒಂದು ಸಿಕ್ಕಿತು. ಬಾತ್‌ರೂಮಿನ ಬಾಗಿಲ ಸಂದಿಗೆ ಟವೆಲ್ ತುರುಕಿ, ಕೆಂಪು ಬಲ್ಬಿನಡಿ ಆ ನೆಗೆಟಿವನ್ನು ಫೋಟೊ ಕಾಗದದ ಮೇಲಿಟ್ಟು, ಮೇಲೊಂದು ಗಾಜು ಒತ್ತಿ, ಕ್ಷಣಕಾಲ ಟಾರ್ಚ್ ಬಿಟ್ಟೆ. ಟ್ರೇಯಲ್ಲಿ ಮೊದಲು ಜಗಲಿಯ ಕಂಬ ಮೂಡಿತು, ಆಮೇಲೆ ಅಜ್ಜಿ. ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡ ಚಿತ್ರ, ಅಷ್ಟೇ. ಅರ್ಧ ಗಂಟೆ ನಲ್ಲಿ ನೀರಿನಲ್ಲಿ ತೊಳೆದು ಒಣಹಾಕಿದೆ. ನೆಗೆಟಿವನ್ನು ಲಕೋಟೆಗೆ ಹಾಕಿ, ಮೇಲೆ ಅಜ್ಜಿಯ ಹೆಸರು, ಊರಿನ ಹೆಸರು, ಸಂಖ್ಯೆ 1 ಎಂದು ಬರೆದಿಟ್ಟಿದ್ದೇನೆ.